ದುಭಾಷಿ

ಕಾಲೇಜಿನವರು ನನ್ನನ್ನು ಕಳಿಸಿದ್ದು ಹಾಡಲಿಕ್ಕಲ್ಲ.
ಜಾರ್ಜಿಯಾ ದೇಶದಿಂದ ವಿನಿಮಯಕ್ಕೆ ಬಂದ ಹುಡುಗಿಗೆ
ನಮ್ಮ ಹೆಬ್ಬೈಲಿನ ಮಾತನ್ನು ಇಂಗ್ಲಿಷಿಗೆ ದಾಟಿಸಲಿಕ್ಕೆ;
ದಿನಕ್ಕೆ ಮುನ್ನೂರು ರೂಪಾಯಿ, ಬಸ್‌ಚಾರ್ಜು ಬೇರೆ.

ಕೆತೆವಾನ್ ಅವಳ ಹೆಸರು.
ಶಿವಮೊಗ್ಗದಿಂದ ಸಾಗರದ ಬಸ್ಸಿನಲ್ಲಿ
ಮೂರು ಸಲ ಹೇಳಿಸಿಕೊಂಡು ಕಲಿತೆ.
ಹುಚ್ಚಪ್ಪಜ್ಜ ಒಂದೇ ಸಲಕ್ಕೆ ಬಗೆಹರಿಸಿದ:
‘ಕೇತಮ್ಮ. ಬಾರವ್ವ, ಕೂತ್ಕ.’

ಎರಡು ತಿಂಗಳು ಅಜ್ಜನ ಜಗಲಿಯಲ್ಲಿ
ಅಂಟಿಗೆ-ಪಂಟಿಗೆ ಪದಗಳ ಪಾಠ.
ಅವನು ಒಂದು ಸಾಲು ಬಿಡುತ್ತಾನೆ, ಗಾಳ ಬಿಟ್ಟ ಹಾಗೆ;
ಇವಳು ಕಚ್ಚುತ್ತಾಳೆ.
ಳಕಾರ ಮಾತ್ರ ಅವಳ ಬಾಯಲ್ಲಿ ಬಿಸಿ ಗೆಣಸು.
ಅವಳ ಪುಸ್ತಕದ ಲಿಪಿ ದುಂಡಗೆ,
ದೂರದಿಂದ ಕನ್ನಡವೇ ಅನಿಸಿ
ಹತ್ತಿರ ಹೋದರೆ ಒಂದಕ್ಷರವೂ ಓದಲಿಕ್ಕಾಗದು.

ಬಲಿಪಾಡ್ಯಮಿಗೆ ನಾಲ್ಕು ದಿನ ಇರುವಾಗ ಅಜ್ಜ ಹೇಳಿದ:
‘ಕೇತಮ್ಮನೂ ಬರ್ಲಿ ನಮ್ಮ ಸಂಗ್ತೀಗೆ.
ಪಾಪ, ಅಷ್ಟು ದೂರದಿಂದ ಬಂದೈತೆ.’
ದೀಪ ಹಿಡಿಯುವ ತೇಕಪ್ಪ ಕೆಮ್ಮಿದ. ‘ಹೆಂಗ್ಸು...’
‘ಅದು ಹೆಂಗ್ಸಲ್ಲ ಮಾರಾಯ. ಸ್ಟೂಡೆಂಟು.’

ಇದನ್ನು ನಾನು ದಾಟಿಸಬೇಕಿತ್ತು.
ದಾಟಿಸಿದೆ: ನಿನಗೆ ಒಪ್ಪಿಗೆ ಸಿಕ್ಕಿದೆ.
ಮಿಕ್ಕದ್ದು ನನ್ನ ನಾಲಿಗೆಯ ಅಡಿಯಲ್ಲೇ ಉಳಿಯಿತು
ಲವಂಗದ ಹಾಗೆ.

ಇಪ್ಪತ್ತು ದೀಪಾವಳಿ ಬಾಗಿಲ ಒಳಗೆ ಕೂತವಳು ನಾನು.
ದಣಪೆ ದಾಟಿ ದನಿ ಬರುವಾಗ
ಅವ್ವ ಕಡುಬನ್ನು ಮೊರಕ್ಕೆ ಹಾಕುವಾಗ
ಹಲಗೆಯ ಸಂದಿಗೆ ಕಿವಿಯಿಟ್ಟು
ಒಂದೊಂದೇ ಪದ ಕದ್ದವಳು.
ಯಾವ ಸಾಲಿಗೆ ಅಗುಳಿ ತೆಗೆಯಬೇಕೆಂದು
ನನಗೆ ಗೊತ್ತಿರುವಷ್ಟು ಹಾಡುವವರಿಗೂ ಗೊತ್ತಿಲ್ಲ.

ಆ ರಾತ್ರಿ, ದುಭಾಷಿಯೆಂಬ ಹೆಸರಿನಲ್ಲಿ,
ನಮ್ಮ ಮನೆಯ ಬಾಗಿಲನ್ನು ಹೊರಗಿನಿಂದ ನೋಡಿದೆ
ಮುಚ್ಚಿದ್ದನ್ನು.
ಒಳಗೆ ಅವ್ವನ ಬಳೆ.
ಅದು ಅಷ್ಟು ಗಿಡ್ಡ ಬಾಗಿಲೆಂದು ತಿಳಿದೇ ಇರಲಿಲ್ಲ.

ಏಳನೆಯ ಮನೆಯ ಮುಂದೆ ಅಜ್ಜನಿಗೆ ಉಬ್ಬಸ.
ಸಾಲು ಎತ್ತಿದ, ನಡುವೆ ಉಸಿರು ಹರಿಯಿತು.
ತೇಕಪ್ಪನ ಅಂಗೈ ದೀಪದ ಸುತ್ತ.
ಹಿಮ್ಮೇಳದವರು ಕಾದರು,
ಅವರಿಗೆ ಬರುವುದು ಹಿಂದೆ ಹೇಳುವುದಷ್ಟೆ.
ಒಳಗೆ ಅಗುಳಿಯ ಮೇಲೆ ಯಾರದೋ ಕೈ ಕಾಯುತ್ತಿದೆ
ಅಂತ ನನಗೊಬ್ಬಳಿಗೇ ಗೊತ್ತು.
ಉಳಿದರ್ಧ ನನ್ನ ಬಾಯಿಂದ ಬಂತು.
ಧೈರ್ಯವೇನಲ್ಲ.
ಉರುಳುವ ಚೊಂಬಿಗೆ ಕೈ ಹೋಗುತ್ತದಲ್ಲ, ಹಾಗೆ.

ಅದರಡಿಗೆ, ಬಹಳ ಕೆಳಗೆ
ಕೆತೆವಾನ್ ಒಂದೇ ಸ್ವರ ಹಿಡಿದು ನಿಂತಳು.
ಅವರ ಹಾಡಿನಲ್ಲಿ ಅದಕ್ಕೆ ‘ಬಾನಿ’ ಎನ್ನುತ್ತಾರಂತೆ.
ನಮ್ಮಲ್ಲಿ ಬಾನಿಯೆಂದರೆ
ಕೊಟ್ಟಿಗೆಯ ಮುಂದಿನ ಕಲ್ಲು, ದನ ನೀರು ಕುಡಿಯುವುದು.
ನಾನೂ ಕುಡಿದೆ.

ಬಾಗಿಲು ತೆರೆಯಿತು.
ಮುದುಕಿ ದೀಪಕ್ಕೆ ಎಣ್ಣೆ ಎರೆದಳು, ನನ್ನ ಮುಖ ನೋಡಿ
ಇನ್ನಷ್ಟು ಎರೆದಳು.
ಯಾರೂ ಏನೂ ಹೇಳಲಿಲ್ಲ.
ಎಂಟನೆಯ ಮನೆಯ ದಾರಿಯಲ್ಲಿ ಅಜ್ಜ, ಹಿಂದೆ ತಿರುಗದೆ:
‘ಒಂದು ಸೊಲ್ಲು ತಪ್ಪೈತೆ ನಿಂದು.’

ಬೆಳಗಿನ ಜಾವ, ಗದ್ದೆಯ ಬದುವಿನ ಮೇಲೆ
ಚಪ್ಪಲಿ ಕೈಯಲ್ಲಿ ಹಿಡಿದು ಅವಳೆಂದಳು:
ನಮ್ಮಲ್ಲೂ ಕ್ರಿಸ್‌ಮಸ್ಸಿಗೆ ಮನೆಮನೆಗೆ ಹೋಗುತ್ತಾರೆ,
ಮೊಟ್ಟೆ ಕೊಡುತ್ತಾರೆ. ನಮ್ಮೂರಲ್ಲಿ ಗಂಡಸರಷ್ಟೇ ಹೋಗುತ್ತಿದ್ದರು.
ನನ್ನಜ್ಜಿ ಕಲಿತದ್ದು ಕಿಟಕಿಯಿಂದ.
ಇದನ್ನು ಯಾರಿಗೂ ದಾಟಿಸುವ ಕೆಲಸವಿರಲಿಲ್ಲ.

ಅವಳ ರೆಕಾರ್ಡಿಂಗಿನ ಪಟ್ಟಿಯಲ್ಲಿ
ಹಾಡಿದವರು: ಹುಚ್ಚಪ್ಪ ಮತ್ತು ಸಂಗಡಿಗರು.
ದುಭಾಷಿ: ನಾನು.
ಏಳನೆಯ ಮನೆಗೆ ನಿನ್ನನ್ನು ಎಲ್ಲಿ ಸೇರಿಸಲಿ ಎಂದಳು.
ತಡೆ, ಆ ಸೊಲ್ಲು ಸರಿಮಾಡಿಕೊಂಡು ಬರುತ್ತೇನೆ ಎಂದೆ.

ಈಗ ನಮ್ಮ ಕಡೆಯಿಂದ ಒಬ್ಬರು ಅಲ್ಲಿಗೆ ಹೋಗಬಹುದು,
ಜನವರಿಗೆ. ಅರ್ಜಿ ತುಂಬಿದೆ.
ಏನು ಕಲಿಯಬಯಸುತ್ತೀರಿ ಎಂಬಲ್ಲಿ
‘ಬಾನಿ’ ಎಂದು ಬರೆದೆ.
ಆಫೀಸಿನ ಗುಮಾಸ್ತರು ಕನ್ನಡಕ ಹಣೆಗೇರಿಸಿ ಕೇಳಿದರು:
‘ಅಲ್ಲಮ್ಮ, ದನಕ್ಕೆ ನೀರಿಡೋದು ಕಲಿಯೋಕೆ
ಅಷ್ಟು ದೂರ ಯಾಕೆ?’